ಕಡಲಿಂದ ಬಂದವಳು ಕಾವೇರಿಯ ದಡದಲ್ಲಿ: ‘ರತ್ನಾವಳಿ’ಯಿಂದ ‘ಮಿತ್ರವಿಂದಾ ಗೋವಿಂದ’ಕ್ಕೆ

ಹಡಗು ಒಡೆದು, ಹಲಗೆಯೊಂದನ್ನು ಹಿಡಿದು ತೇಲಿ ದಡ ಸೇರಿದ ಹುಡುಗಿಯೊಬ್ಬಳು ಅರಮನೆಯ ಊಳಿಗಕ್ಕೆ ಬರುತ್ತಾಳೆ. ಕಡಲಲ್ಲಿ ಸಿಕ್ಕಿದವಳಾದ್ದರಿಂದ ಅವಳನ್ನು ಸಾಗರಿಕೆ ಎಂದು ಕರೆಯುತ್ತಾರೆ. ಅವಳ ಹುಟ್ಟಿನ ಗುಟ್ಟನ್ನು ಕೊನೆಗೆ ಬಿಚ್ಚುವುದು ಕೊರಳಲ್ಲಿದ್ದ ರತ್ನದ ಹಾರ. ಏಳನೆಯ ಶತಮಾನದಲ್ಲಿ ಕನೌಜಿನ ದೊರೆ ಹರ್ಷವರ್ಧನ ಬರೆದ ‘ರತ್ನಾವಳಿ’ ನಾಟಿಕೆಯ ತಿರುಳು ಇದು. ಸಾವಿರ ವರ್ಷ ಕಳೆದ ಮೇಲೆ ಈ ಕತೆ ಈಗಿನ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣಕ್ಕೆ ಬಂತು. ಚಿಕ್ಕದೇವರಾಜ ಒಡೆಯರ (ಆಳ್ವಿಕೆ 1673–1704) ಆಸ್ಥಾನದಲ್ಲಿದ್ದ ಸಿಂಗರಾರ್ಯ ಅದನ್ನು ‘ಮಿತ್ರವಿಂದಾ ಗೋವಿಂದ’ ಎಂಬ ಕನ್ನಡ ನಾಟಕವಾಗಿಸಿದ.

ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ನಾಟಕ ಎಂಬ ಹೆಸರು ಈ ಕೃತಿಗಿದೆ. ಆ ಹೆಸರೇ ಅದಕ್ಕೆ ತೊಡಕೂ ಆಗಿದೆ. ಸಾಹಿತ್ಯ ಚರಿತ್ರೆಗಳು ‘ಮೊದಲನೆಯದು’ ಎಂದು ಗುರುತಿಸಿ, ‘ರೂಪಾಂತರ’ ಎಂದು ಪಕ್ಕಕ್ಕಿಟ್ಟು ಮುಂದಕ್ಕೆ ಹೋಗಿಬಿಡುತ್ತವೆ. ಸಿಂಗರಾರ್ಯ ‘ರತ್ನಾವಳಿ’ಯ ನಾಯಕ, ವತ್ಸದೇಶದ ದೊರೆ ಉದಯನನನ್ನು ಕೆಳಗಿಳಿಸಿ ಆ ಜಾಗದಲ್ಲಿ ಗೋವಿಂದನನ್ನು ಕೂರಿಸಿದ. ಸಾಗರಿಕೆಯೆಂಬ ಹೆಸರಲ್ಲಿದ್ದ ಸಿಂಹಳದ ರಾಜಕುಮಾರಿಯ ಜಾಗಕ್ಕೆ ಮಿತ್ರವಿಂದೆಯನ್ನು ತಂದ. ನಾಯಕ ಮನುಷ್ಯನಾಗಿದ್ದಾಗ ‘ಕಳೆದುಹೋದ ಒಲವು’ ಮತ್ತು ‘ತಪ್ಪಿನಿಂದ ಬಿಡುಗಡೆ’ ಎಂಬ ಮಾತುಗಳಿಗೆ ಇದ್ದ ಅರ್ಥ, ನಾಯಕ ದೇವರಾದಾಗ ಏನಾಯಿತು ಎಂಬುದು ಈ ಲೇಖನದ ಪ್ರಶ್ನೆ.

ಹರ್ಷನ ಕಾಲ, ತಾಂಗರ ಕಾಲ

ಮೊದಲು ಮೂಲ ನಾಟಕದ ಕಾಲವನ್ನು ನೋಡೋಣ. ಹರ್ಷ ಪಟ್ಟಕ್ಕೆ ಬಂದದ್ದು 606ರಲ್ಲಿ. ಹನ್ನೆರಡು ವರ್ಷಕ್ಕೆ, 618ರಲ್ಲಿ, ಚೀನದಲ್ಲಿ ತಾಂಗ್ ಮನೆತನದ ಆಳ್ವಿಕೆ ಮೊದಲಾಯಿತು. 629ರಲ್ಲಿ ಚೀನದಿಂದ ಹೊರಟ ಬೌದ್ಧ ಯಾತ್ರಿಕ ಹ್ಯೂಯೆನ್‌ತ್ಸಾಂಗ್ ಹರ್ಷನ ಕನೌಜಿನ ಸಭೆಯಲ್ಲಿ ಕುಳಿತು, 645ರಲ್ಲಿ ಊರಿಗೆ ಮರಳಿದ. 641ರಲ್ಲಿ ಹರ್ಷನ ದೂತರು ತಾಂಗ್ ಚಕ್ರವರ್ತಿಯ ಆಸ್ಥಾನಕ್ಕೆ ಹೋದರು. ಹ್ಯೂಯೆನ್‌ತ್ಸಾಂಗ್ ಬಾದಾಮಿಯ ಇಮ್ಮಡಿ ಪುಲಕೇಶಿಯ ನಾಡನ್ನೂ ಕಂಡು ಬರೆದಿದ್ದಾನೆ. ಹರ್ಷ ಆ ಪುಲಕೇಶಿಯ ಎದುರು ಸೋತ ಸಂಗತಿ 634ರ ಐಹೊಳೆ ಶಾಸನದಲ್ಲಿದೆ. ಹೀಗೆ ಯುದ್ಧದಲ್ಲಿ ಕನ್ನಡ ನಾಡಿನ ಗಡಿ ದಾಟಲಾರದ ದೊರೆ, ನಾಟಕದ ಮೂಲಕ ಕಾವೇರಿಯ ದಡದವರೆಗೂ ಬಂದ.

ಅವನ ನಾಟಕಗಳು ಬರಿಯ ಓದಿಗೆ ಹುಟ್ಟಿದವಲ್ಲ. 671ರಲ್ಲಿ ಚೀನದಿಂದ ಹೊರಟ ಇನ್ನೊಬ್ಬ ಬೌದ್ಧ ಯಾತ್ರಿಕ ಇತ್ಸಿಂಗ್, ಶಿಲಾದಿತ್ಯ ದೊರೆ ಜೀಮೂತವಾಹನನ ಕತೆಯನ್ನು ಪದ್ಯಕ್ಕಿಳಿಸಿ, ಸಂಗೀತ ಕಟ್ಟಿಸಿ, ಕುಣಿತದೊಂದಿಗೆ ಆಡಿಸಿದ ಎಂದು ದಾಖಲಿಸುತ್ತಾನೆ. ಶಿಲಾದಿತ್ಯ ಹರ್ಷನದೇ ಇನ್ನೊಂದು ಹೆಸರು, ಕತೆ ಅವನ ನಾಟಕ ‘ನಾಗಾನಂದ’ದ್ದು.

ತಾಂಗ್ ಕಾಲದ ಚೀನಕ್ಕೂ ಕಳೆದುಹೋದ ಒಲವಿನ ದೊಡ್ಡ ಕತೆಯೊಂದಿದೆ. 756ರಲ್ಲಿ ಬಂಡಾಯಕ್ಕೆ ಹೆದರಿ ರಾಜಧಾನಿ ಬಿಟ್ಟು ಹೊರಟ ಚಕ್ರವರ್ತಿ ಶ್ವಾನ್‌ಜೊಂಗ್, ದಾರಿಯಲ್ಲಿ ತನ್ನದೇ ಸೈನಿಕರ ಒತ್ತಾಯಕ್ಕೆ ಮಣಿದು ಪ್ರೇಯಸಿ ಯಾಂಗ್ ಗುಯಿಫೆಯ ಸಾವಿಗೆ ಒಪ್ಪಿದ. ಅರ್ಧ ಶತಮಾನದ ಮೇಲೆ, 806ರಲ್ಲಿ, ಕವಿ ಬೈ ಜೂಯಿ ಅದನ್ನು ನೀಳ್ಗವನವಾಗಿಸಿದ. ಅದರಲ್ಲಿ ದಾವೊ ಸಾಧಕನೊಬ್ಬ ಕಡಲಾಚೆಯ ದೇವಲೋಕದಲ್ಲಿ ಅವಳನ್ನು ಕಂಡು, ಮುಡಿಗೆ ಚುಚ್ಚುವ ಚಿನ್ನದ ಕಡ್ಡಿಯ ಅರ್ಧವನ್ನೂ ಕುಸುರಿ ಕೆಲಸದ ಕರಡಿಗೆಯ ಅರ್ಧವನ್ನೂ ಗುರುತಿಗೆಂದು ಪಡೆದು ಬರುತ್ತಾನೆ. ಗುರುತು ಹಿಂದಿರುಗುತ್ತದೆ, ಹೆಣ್ಣು ಹಿಂದಿರುಗುವುದಿಲ್ಲ. ‘ರತ್ನಾವಳಿ’ಯಲ್ಲಿ ಹೀಗಲ್ಲ, ಅಲ್ಲಿ ಹಾರದ ಗುರುತೇ ಹೆಣ್ಣಿನ ಹೆಸರನ್ನು ಮರಳಿ ಕೊಡಿಸುತ್ತದೆ.

ಗುಟ್ಟು ಬಿಚ್ಚುವ ಬಗೆ

ತಾಂಗ್ ಕಾಲದ ನ್ಯಾಯಾಧಿಕಾರಿ ದೀ ರೆನ್‌ಜಿಯೆಯ ಸುತ್ತ ಮುಂದೆ ಚೀನದಲ್ಲಿ ಪತ್ತೇದಾರಿ ಕತೆಗಳೇ ಬೆಳೆದವು. ಚೀನದ ಅಂಥ ಹಳೆಯ ಕತೆಗಳಲ್ಲಿ ಸಾಮಾನ್ಯವಾಗಿ ತಪ್ಪಿತಸ್ಥ ಯಾರೆಂಬ ಗುಟ್ಟು ಓದುಗನಿಗೆ ಮೊದಲೇ ತಿಳಿದಿರುತ್ತದೆ. ಹರ್ಷನ ದಾರಿಯೂ ಅಂಥದ್ದೇ. ಮೊದಲಲ್ಲೇ ಮಂತ್ರಿ ಯೌಗಂಧರಾಯಣ ರಂಗಕ್ಕೆ ಬಂದು ತನ್ನ ಹೂಟವನ್ನು ನೋಡುಗರ ಕಿವಿಗೆ ಹಾಕುತ್ತಾನೆ. ಸಿಂಹಳದ ರತ್ನಾವಳಿಯನ್ನು ಮದುವೆಯಾದವನು ಸಾರ್ವಭೌಮನಾಗುತ್ತಾನೆ ಎಂಬ ಸಿದ್ಧಪುರುಷನ ಮಾತನ್ನು ಅವನು ನಂಬಿದ್ದಾನೆ. ಅವಳು ರಾಣಿ ವಾಸವದತ್ತೆಗೆ ತಂಗಿಯಾಗಬೇಕಾದವಳು; ಸವತಿಯಾಗಿ ಕೊಡಲು ಅವಳ ತಂದೆಗೆ ಮನಸ್ಸಿಲ್ಲ. ಅದಕ್ಕಾಗಿ ಮಂತ್ರಿ, ರಾಣಿ ಲಾವಾಣಕದ ಬೆಂಕಿಯಲ್ಲಿ ಸತ್ತಳೆಂಬ ಸುಳ್ಳನ್ನು ಹಬ್ಬಿಸಿ ಹೆಣ್ಣು ತರಿಸುತ್ತಾನೆ. ಹಡಗು ಒಡೆಯುತ್ತದೆ. ಬದುಕಿ ಬಂದವಳನ್ನು ಗುಟ್ಟಾಗಿ ಅದೇ ರಾಣಿಯ ಕೈಗೊಪ್ಪಿಸುತ್ತಾನೆ.

ಅಲ್ಲಿಂದ ಮುಂದೆ ಸುಳಿವುಗಳದೇ ಆಟ. ಸಾಗರಿಕೆ ಹಲಗೆಯ ಮೇಲೆ ರಾಜನ ಚಿತ್ರ ಬರೆಯುತ್ತಾಳೆ. ಗೆಳತಿ ಸುಸಂಗತೆ ಪಕ್ಕದಲ್ಲಿ ಅವಳದೇ ಚಿತ್ರ ಬರೆಯುತ್ತಾಳೆ. ಕಟ್ಟು ಕಿತ್ತುಕೊಂಡ ಕೋತಿಯೊಂದು ಪಂಜರ ತೆರೆಯುತ್ತದೆ. ಹಾರಿಹೋದ ಸಾರಿಕೆ ಗೆಳತಿಯರಾಡಿದ ಮಾತನ್ನೆಲ್ಲ ಒಪ್ಪಿಸುತ್ತದೆ, ಮರದಡಿಯಲ್ಲಿ ರಾಜನಿದ್ದಾನೆ. ಚಿತ್ರದ ಹಲಗೆ ರಾಣಿಯ ಕಣ್ಣಿಗೆ ಬೀಳುತ್ತದೆ. ಮೂರನೆಯ ಅಂಕದಲ್ಲಿ ಸಾಗರಿಕೆ ರಾಣಿಯ ವೇಷ ಹಾಕಿ ಬರಬೇಕೆಂಬ ಸಂಚು. ಸುದ್ದಿ ತಿಳಿದ ರಾಣಿಯೇ ಮೊದಲು ಬಂದುಬಿಡುತ್ತಾಳೆ. ರಾಜ ಕತ್ತಲಲ್ಲಿ ತನ್ನ ಹೆಂಡತಿಗೇ, ಇನ್ನೊಬ್ಬಳೆಂದು ತಿಳಿದು, ಒಲವಿನ ಮಾತಾಡುತ್ತಾನೆ. ಸಿಕ್ಕಿಬಿದ್ದ ನಾಚಿಕೆಗೆ ಸಾಗರಿಕೆ ಬಳ್ಳಿಯ ಕುಣಿಕೆಗೆ ಕೊರಳೊಡ್ಡುತ್ತಾಳೆ, ರಾಜ ಉಳಿಸುತ್ತಾನೆ, ರಾಣಿ ಅವಳನ್ನು ಸೆರೆಯಲ್ಲಿಡುತ್ತಾಳೆ.

ಕಡೆಯದಾದ ನಾಲ್ಕನೆಯ ಅಂಕ ಗಮನವಿಟ್ಟು ಓದಬೇಕಾದದ್ದು. ಸಿಂಹಳದಿಂದ ಬಂದ ಮಂತ್ರಿ ವಸುಭೂತಿ ಮತ್ತು ಅವನ ಜೊತೆಗಾರ ಬಾಭ್ರವ್ಯ, ರತ್ನಾವಳಿ ನೀರುಪಾಲಾದಳೆಂದು ಹೇಳುತ್ತಾರೆ. ರಾಣಿ ತಂಗಿಗಾಗಿ ಅಳುತ್ತಾಳೆ. ಅಷ್ಟರಲ್ಲಿ ಅಂತಃಪುರಕ್ಕೆ ಬೆಂಕಿ ಬಿತ್ತೆಂಬ ಕೂಗು. ಆಗ ವಾಸವದತ್ತೆ ತನ್ನ ನೋವನ್ನು ಬದಿಗಿಟ್ಟು, ತಾನೇ ಕಟ್ಟಿಹಾಕಿಸಿದ ಸಾಗರಿಕೆ ಒಳಗೆ ಬೇಯುತ್ತಿದ್ದಾಳೆ, ಕಾಪಾಡಿ ಎಂದು ರಾಜನನ್ನು ಬೇಡುತ್ತಾಳೆ. ರಾಜ ಉರಿಗೆ ನುಗ್ಗುತ್ತಾನೆ. ಬೆಂಕಿ ಉಜ್ಜಯಿನಿಯ ಇಂದ್ರಜಾಲದವನ ಮಾಯೆ. ಸಾಗರಿಕೆಯೇ ರತ್ನಾವಳಿ ಎಂಬುದು ಹೊರಬೀಳುವುದು ಅದಾದ ಮೇಲೆ. ಕೊನೆಗೆ ರಾಣಿಯೇ ಅವಳ ಕೈ ಹಿಡಿದು ರಾಜನ ಕೈಗಿಡುತ್ತಾಳೆ.

ಘಟನೆಗಳ ಈ ಸಾಲು ಮುಖ್ಯ. ಬೆಂಕಿಯಲ್ಲಿರುವವಳು ತನ್ನ ರಕ್ತಸಂಬಂಧಿ ಎಂದು ರಾಣಿಗೆ ಆಗ ಗೊತ್ತಿಲ್ಲ. ಅವಳು ಮರುಗುವುದು ಗಂಡನನ್ನು ಸೆಳೆದ ಊಳಿಗದ ಹುಡುಗಿಗಾಗಿ. ಹಾರ ಬಿಚ್ಚಿದ ಗುಟ್ಟು ಸಾಗರಿಕೆಗೆ ಅವಳ ಹೆಸರನ್ನು ಕೊಟ್ಟಿತು. ತಪ್ಪಿನಿಂದ ಬಿಡುಗಡೆ ಅದಕ್ಕೂ ಮೊದಲೇ, ರಾಣಿಯ ಬೇಡಿಕೆಯಲ್ಲೇ, ಆಗಿಹೋಗಿತ್ತು. ನಾಟಕದಲ್ಲಿ ಒಲವು ಕಳೆದುಕೊಂಡವಳೂ ರಾಣಿಯೇ. ಅವಳಿಗೆ ಅದು ಮರಳಿ ಸಿಗುವುದಿಲ್ಲ, ಹಂಚಿಕೆಯಾಗಿ ಸಿಗುತ್ತದೆ.

ಶ್ರೀರಂಗಪಟ್ಟಣದ ಬದಲಾವಣೆ

ಸಿಂಗರಾರ್ಯನಿಗೆ ಕೃಷ್ಣನೇ ಏಕೆ ಬೇಕಾಯಿತು? ಮೊದಲ ಕಾರಣ ಆಸ್ಥಾನದ್ದು. ಮೈಸೂರಿನ ಒಡೆಯರು ದ್ವಾರಕೆಯಿಂದ ಬಂದ ಯದುವಂಶದವರೆಂಬ ಐತಿಹ್ಯವನ್ನು ಬರಹಕ್ಕಿಳಿಸಿದವರಲ್ಲಿ ಪ್ರಮುಖ ಸಿಂಗರಾರ್ಯನ ಅಣ್ಣ, ಮಂತ್ರಿ ತಿರುಮಲಾರ್ಯ. ‘ಚಿಕದೇವರಾಜ ವಂಶಾವಳಿ’ ಅವನದು. ಅಂಥ ಸಭೆಯಲ್ಲಿ ಉದಯನ ಪರ ಊರಿನ ದೊರೆ, ಗೋವಿಂದ ಮನೆಯ ಹಿರಿಯ. ಪಕ್ಕದ ಶ್ರೀವೈಷ್ಣವ ಕ್ಷೇತ್ರ ಮೇಲುಕೋಟೆಯ ಇನ್ನೊಂದು ಹೆಸರೇ ಯದುಗಿರಿ.

ಮಿತ್ರವಿಂದೆಯ ಆಯ್ಕೆಯಲ್ಲೂ ಜಾಣತನವಿದೆ. ಭಾಗವತದ ಪ್ರಕಾರ ಅವಳು ಅವಂತಿಯವಳು, ಕೃಷ್ಣನ ಸೋದರತ್ತೆ ರಾಜಾಧಿದೇವಿಯ ಮಗಳು. ಅಣ್ಣಂದಿರಾದ ವಿಂದ, ಅನುವಿಂದರು ಮದುವೆಗೆ ಅಡ್ಡ ನಿಂತರು. ಕೃಷ್ಣ ಸ್ವಯಂವರದಿಂದ ಅವಳನ್ನು ಕರೆದೊಯ್ದ. ಹರ್ಷನ ನಾಟಕದಲ್ಲಿ ಅವಂತಿಯಿಂದ ಬಂದವಳು ರಾಣಿ ವಾಸವದತ್ತೆ. ಕನ್ನಡದಲ್ಲಿ ಅವಂತಿ ನಾಯಕಿಯ ತವರು. ಬಂಧುಗಳೊಳಗೇ ಹೆಣ್ಣು ತರುವ ಸಂಬಂಧವೂ, ಕೊಡಲೊಪ್ಪದ ಮನೆಯವರೂ ಎರಡೂ ಕಡೆ ಉಂಟು. ಪುರಾಣದ ಒಂದೆರಡು ಸಾಲಿನ ಪಾತ್ರಕ್ಕೆ ಸಿಂಗರಾರ್ಯ ಇಡೀ ನಾಟಕದ ಬಾಳು ಕೊಟ್ಟ.

ಎರಡನೆಯ ಕಾರಣ ಮತದ್ದು. ಸಿಂಗರಾರ್ಯ ಶ್ರೀವೈಷ್ಣವ. ಆ ಸಂಪ್ರದಾಯದಲ್ಲಿ ‘ಪುರುಷಕಾರ’ ಎಂಬ ಮಾತಿದೆ: ತಪ್ಪು ಮಾಡಿದ ಜೀವವನ್ನು ಭಗವಂತನ ಬಳಿಗೆ ಕರೆದೊಯ್ದು ಶಿಫಾರಸು ಮಾಡುವವಳು ತಾಯಿ ಲಕ್ಷ್ಮಿ. ಕೃಷ್ಣನ ಪಟ್ಟದರಸಿ ರುಕ್ಮಿಣಿ ಆ ಲಕ್ಷ್ಮಿಯ ಅವತಾರ. ಈ ಕಣ್ಣಿಂದ ನೋಡಿದರೆ, ಪಟ್ಟದರಸಿ ಇನ್ನೊಬ್ಬಳ ಕೈ ಹಿಡಿದು ಗಂಡನ ಕೈಗಿಡುವ ಕೊನೆಯ ದೃಶ್ಯದ ಅರ್ಥವೇ ಬೇರೆಯಾಗುತ್ತದೆ. ಮನುಷ್ಯರ ನಾಟಕದಲ್ಲಿ ಸವತಿಯ ಸೋಲಾಗಿದ್ದದ್ದು ಇಲ್ಲಿ ತಾಯಿಯ ಕರುಣೆ. ಕಡಲಲ್ಲಿ ತೇಲಿ ಹೆಸರು ಮರೆಸಿಕೊಂಡ ಹುಡುಗಿಯಲ್ಲಿ ಸಂಸಾರಸಾಗರದ ಜೀವವನ್ನು ಕಾಣಲು ಶ್ರೀವೈಷ್ಣವ ನೋಡುಗನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅಂಥ ಕತೆ ಸಿಂಗರಾರ್ಯನ ಊರ ಪಕ್ಕದಲ್ಲೇ ಇತ್ತು. ಮೇಲುಕೋಟೆಯ ಉತ್ಸವಮೂರ್ತಿ ಕಾಣೆಯಾಗಿ ದಿಲ್ಲಿಯ ಅರಮನೆ ಸೇರಿತ್ತು. ಸುಲ್ತಾನನ ಮಗಳು ಅದನ್ನೇ ಒಲಿದು ಆಡಿಸುತ್ತಿದ್ದಳು. ರಾಮಾನುಜರು ಹೋಗಿ ಕರೆದಾಗ ಚೆಲುವಪಿಳ್ಳೆ ಎಂಬ ಆ ಮೂರ್ತಿ ತಾನಾಗಿ ಅವರ ಮಡಿಲಿಗೆ ಬಂತು. ಅಗಲಿಕೆ ತಾಳಲಾರದೆ ಹಿಂದೆಯೇ ಬಂದ ಹುಡುಗಿ ಮೇಲುಕೋಟೆಯಲ್ಲಿ ದೇವರಲ್ಲಿ ಐಕ್ಯಳಾದಳು ಎಂಬುದು ಐತಿಹ್ಯ. ಚೆಲುವನಾರಾಯಣನ ಪಾದದ ಬಳಿ ಅವಳು ಬೀಬಿ ನಾಚ್ಚಿಯಾರ್ ಆಗಿ ಇಂದಿಗೂ ಪೂಜೆಗೊಳ್ಳುತ್ತಾಳೆ. ಕಳೆದುಹೋದದ್ದು, ಗುರುತು ಹಿಡಿದದ್ದು, ಮರಳಿದ್ದು, ಪರಕೀಯಳನ್ನು ಮನೆಯವಳಾಗಿ ಒಪ್ಪಿಕೊಂಡದ್ದು ಎಲ್ಲವೂ ಇದರಲ್ಲಿದೆ.

ಆದರೆ ಗಳಿಕೆಯ ಜೊತೆಗೆ ನಷ್ಟವೂ ಆಯಿತು. ಉದಯನ ಸುಳ್ಳು ಹೇಳಿ ಸಿಕ್ಕಿಬಿದ್ದರೆ ಅದು ತಪ್ಪು. ಗೋವಿಂದ ಹೇಳಿದರೆ ಲೀಲೆ. ತಪ್ಪಿಲ್ಲದ ಮೇಲೆ ಬಿಡುಗಡೆ ಯಾತರಿಂದ? ಕೃಷ್ಣನ ಎಂಟು ಮಡದಿಯರಲ್ಲಿ ಮಿತ್ರವಿಂದೆ ಒಬ್ಬಳೆಂದು ಬಲ್ಲ ನೋಡುಗನಿಗೆ ಪಟ್ಟದರಸಿಯ ಉರಿ ತಟ್ಟುವುದು ಕಷ್ಟ. ಚಿಕ್ಕದೇವರಾಜರ ಅದೇ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುತ್ತಿದ್ದ ಯಳಂದೂರಿನ ಹೊನ್ನಮ್ಮ ಸಾಂಗತ್ಯದಲ್ಲಿ ‘ಹದಿಬದೆಯ ಧರ್ಮ’ ಬರೆದಳು. ಗಂಡನನ್ನು ನೆಚ್ಚಿ ನಡೆಯುವ ಪಾಠ ಹೇಳುತ್ತಲೇ ಅವಳು, ಹೆತ್ತು ಹೊತ್ತವಳೂ ಹೆಣ್ಣಾಗಿರುವಾಗ ಹೆಣ್ಣೆಂದು ಏಕೆ ಹಳಿಯಬೇಕು ಎಂದು ಕೇಳಿಬಿಡುತ್ತಾಳೆ. ವಾಸವದತ್ತೆಯ ದನಿ ಸಿಂಗರಾರ್ಯನ ಸಭೆಯಲ್ಲಿ ಎಲ್ಲಾದರೂ ಉಳಿದಿದ್ದರೆ ಅದು ನಾಟಕದ ಆಚೆ, ಈ ಸಂಚಿಯ ಹೆಣ್ಣಿನ ಬಾಯಲ್ಲಿ.

ಆಮೇಲಿನ ದಾರಿ

ಪರರ ಕತೆಗೆ ನಮ್ಮ ಪುರಾಣದ ನಾಯಕನನ್ನು ಕೊಡುವ ಈ ಉಪಾಯ ಮುಂದೆಯೂ ನಡೆಯಿತು. ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಮನೆತನದ ಬಿ.ಎಂ. ಶ್ರೀಕಂಠಯ್ಯನವರು ಸೊಫೊಕ್ಲಿಸನ ಏಜಾಕ್ಸ್ ವೀರನ ಜಾಗಕ್ಕೆ ಅಶ್ವತ್ಥಾಮನನ್ನು ತಂದು ‘ಅಶ್ವತ್ಥಾಮನ್’ ಬರೆದರು. ‘ರತ್ನಾವಳಿ’ಯಂತೂ ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರಿನ ಬಸವಪ್ಪ ಶಾಸ್ತ್ರಿಗಳ ಕೈಯಲ್ಲಿ ಮತ್ತೆ ಕನ್ನಡಕ್ಕೆ ಬಂತು, ಎ.ವಿ. ವರದಾಚಾರ್ಯರ ನಾಟಕ ಕಂಪನಿ ಅದರ ಹೆಸರನ್ನೇ ಇಟ್ಟುಕೊಂಡಿತು.

ಹಳ್ಳಿಯ ರಂಗದಲ್ಲಿ ಮಾತ್ರ ಗೆದ್ದದ್ದು ಸಿಂಗರಾರ್ಯನ ಲೆಕ್ಕಾಚಾರ. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಊರುಗಳಲ್ಲಿ ಇಂದಿಗೂ ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಅಭ್ಯಾಸ ಮಾಡಿಸಿ, ಬಾಡಿಗೆ ಸೀನರಿ ಕಟ್ಟಿಸಿ, ಬೆಳಗಿನವರೆಗೆ ‘ಕುರುಕ್ಷೇತ್ರ’ ಆಡಿಸುತ್ತಾರೆ. ಕೃಷ್ಣನ ಪಾರ್ಟಿಗೆ ಹೆಚ್ಚು ದುಡ್ಡು ಕಟ್ಟಲೂ ಜನ ಸಿದ್ಧ. ಉದಯನನ ಹೆಸರು ಅಲ್ಲಿ ಯಾರ ಬಾಯಲ್ಲೂ ಇಲ್ಲ.

ಮಂಡ್ಯದ ನೆಲದಲ್ಲೇ ಈ ಕೃಷ್ಣನಿಗೆ ಇನ್ನೊಂದು ಉತ್ತರವೂ ಹುಟ್ಟಿತು. ಮೇಲುಕೋಟೆಯಲ್ಲಿ 1905ರಲ್ಲಿ ಜನಿಸಿದ ಪು.ತಿ. ನರಸಿಂಹಾಚಾರ್ಯರ ಗೀತನಾಟಕ ‘ಗೋಕುಲ ನಿರ್ಗಮನ’ವೇ ಆ ಉತ್ತರ; ಬಿ.ವಿ. ಕಾರಂತರು ಅದನ್ನು ರಂಗಕ್ಕೆ ತಂದರು. ಅಲ್ಲಿ ಹಡಗು ಒಡೆಯುವುದಿಲ್ಲ, ಹಾರ ಕಳೆಯುವುದಿಲ್ಲ, ವೇಷ ಬದಲಾಗುವುದಿಲ್ಲ. ಅಕ್ರೂರನ ರಥ ಬರುತ್ತದೆ, ಕೃಷ್ಣ ಹೊರಡುತ್ತಾನೆ. ಶ್ರೀರಂಗಪಟ್ಟಣದ ಗೋವಿಂದ ಕಳೆದುಹೋದವಳಿಗೆ ಹೆಸರು, ಮನೆ, ಪಟ್ಟ ಕೊಟ್ಟ. ಮೇಲುಕೋಟೆಯ ಕವಿಯ ಗೋವಿಂದ ಬಿಟ್ಟುಹೋದ ರಾಧೆಗೆ ಅಂಥ ಯಾವ ನಾಲ್ಕನೆಯ ಅಂಕವೂ ಇಲ್ಲ. ಅವಳನ್ನು ಗುರುತು ಹಿಡಿಯಲು ಸಿಂಹಳದಿಂದ ಯಾವ ಮಂತ್ರಿಯೂ ಬರಬೇಕಾಗಿಲ್ಲ, ಏಕೆಂದರೆ ಗೋಕುಲದಲ್ಲಿ ಅವಳು ಯಾರೆಂದು ಎಲ್ಲರಿಗೂ ಗೊತ್ತು.