ನಗುವಿಗೆ ಅರ್ಧ ಗಂಟೆ, ಅಳುವಿಗೆ ಒಂದು ಗಂಟೆ

ಒಬ್ಬ ನಟಿ, ಮಾಡಿದ್ದು ಒಂದೇ ಪಾತ್ರ. 2014ರ ಆಗಸ್ಟ್‌ನಲ್ಲಿ ಆ ಪಾತ್ರಕ್ಕೆ ಅಮೆರಿಕದ ಎಮ್ಮಿ ಪ್ರಶಸ್ತಿ ಬಂತು, ಕಾಮಿಡಿ ವಿಭಾಗದಲ್ಲಿ. ವರ್ಷ ಕಳೆದು 2015ರ ಸೆಪ್ಟೆಂಬರ್‌ನಲ್ಲಿ ಅದೇ ಪಾತ್ರಕ್ಕೆ ಮತ್ತೊಂದು ಎಮ್ಮಿ ಬಂತು, ಈ ಸಲ ಡ್ರಾಮಾ ವಿಭಾಗದಲ್ಲಿ! ನಟಿಯ ಹೆಸರು ಉಜೊ ಅಡೂಬಾ. ಸೀರಿಯಲ್ಲು ‘ಆರೆಂಜ್ ಈಸ್ ದಿ ನ್ಯೂ ಬ್ಲ್ಯಾಕ್’, ಹೆಣ್ಣುಮಕ್ಕಳ ಜೈಲಿನ ಕಥೆ. ಆಕೆಯ ಪಾತ್ರ ಬದಲಾಗಿರಲಿಲ್ಲ, ಜೈಲೂ ಬದಲಾಗಿರಲಿಲ್ಲ. ಹಾಗಾದ್ರೆ ಮೊದಲ ವರ್ಷ ಜನ ನಕ್ಕು, ಎರಡನೇ ವರ್ಷ ಅತ್ತರಾ? ಅದೂ ಅಲ್ಲ. ಬದಲಾಗಿದ್ದು ಅಕಾಡೆಮಿಯ ರೂಲ್ ಬುಕ್ಕು.

ಪ್ರಶಸ್ತಿ ಯಾರಿಗೆ ಬಂತು ಅನ್ನೋದನ್ನ ನಾವು ಟಿವಿಯವರು ಬ್ರೇಕಿಂಗ್ ನ್ಯೂಸ್ ಮಾಡ್ತೀವಿ. ಯಾವ ಸಾಲಿನಲ್ಲಿ ನಿಂತಿದ್ದರಿಂದ ಬಂತು ಅನ್ನೋದನ್ನ ಯಾರೂ ಕೇಳೋದಿಲ್ಲ. ಅಸಲಿ ಆಟ ಇರೋದೇ ಅಲ್ಲಿ.

ಶುರುವಿನಲ್ಲಿ ಇದೆಲ್ಲ ತೀರಾ ಸಣ್ಣ ವ್ಯವಹಾರ. 1949ರ ಜನವರಿ 25ರ ರಾತ್ರಿ ಹಾಲಿವುಡ್ ಅಥ್ಲೆಟಿಕ್ ಕ್ಲಬ್‌ನಲ್ಲಿ ಮೊದಲ ಎಮ್ಮಿ ಸಮಾರಂಭ ನಡೆಯಿತು. ಟಿಕೆಟ್ 5 ಡಾಲರ್. ಸ್ಪರ್ಧೆಯಲ್ಲಿ ಇದ್ದದ್ದು ಲಾಸ್ ಏಂಜಲೀಸ್ ಸುತ್ತಮುತ್ತಲಿನ ಕಾರ್ಯಕ್ರಮಗಳು ಮಾತ್ರ, ಕೊಟ್ಟದ್ದು ಬೆರಳೆಣಿಕೆಯಷ್ಟು ಪ್ರಶಸ್ತಿ. ಅತ್ಯುತ್ತಮ ಟಿವಿ ವ್ಯಕ್ತಿ ಅಂತ ಗೆದ್ದವರು ಶರ್ಲಿ ಡಿನ್ಸ್‌ಡೇಲ್ ಅನ್ನೋ ಯುವತಿ. ತುಟಿ ಅಲುಗಿಸದೆ ಬೊಂಬೆಯನ್ನ ಮಾತಾಡಿಸೋದು ಆಕೆಯ ವಿದ್ಯೆ. ಎಮ್ಮಿ ಅನ್ನೋ ಹೆಸರಿನ ಹಿಂದೆಯೂ ಯಾವ ಮಹಾಪುರುಷನೂ ಇಲ್ಲ. ಆಗಿನ ಟಿವಿ ಕ್ಯಾಮೆರಾದೊಳಗೆ ಇಮೇಜ್ ಆರ್ಥಿಕಾನ್ ಅಂತ ಒಂದು ಟ್ಯೂಬ್ ಇರ್ತಿತ್ತು. ಎಂಜಿನಿಯರುಗಳು ಅದನ್ನ ಪ್ರೀತಿಯಿಂದ ‘ಇಮ್ಮಿ’ ಅಂತಿದ್ರು. ಪ್ರಶಸ್ತಿಯ ಬೊಂಬೆ ಹೆಣ್ಣಿನ ರೂಪದ್ದಾದ್ದರಿಂದ ಇಮ್ಮಿ ಹೋಗಿ ಎಮ್ಮಿ ಆಯ್ತು, ಅಷ್ಟೇ.

ಟಿವಿ ಬೆಳೆದ ಹಾಗೆ ತಲೆನೋವೂ ಬೆಳೆಯಿತು. ಯಾವುದನ್ನ ಯಾವುದರ ಜೊತೆ ತೂಗಬೇಕು? ನಮ್ಮ ಧನಂಜಯನ ‘ದಶರೂಪಕ’ ಈ ಪ್ರಶ್ನೆಗೆ ಸಾವಿರ ವರ್ಷದ ಹಿಂದೆಯೇ ಉತ್ತರ ಕೊಟ್ಟಿತ್ತು: ವಸ್ತು, ನೇತಾ, ರಸ, ಈ ಮೂರನ್ನು ನೋಡಿ ವಿಂಗಡಿಸು ಅಂತ. ಅಮೆರಿಕದವರು ನೋಡಿದ್ದು ಗಡಿಯಾರವನ್ನ. 1957ರ ಸಮಾರಂಭದಲ್ಲಿ ಸರಣಿಗಳನ್ನ ಎರಡು ಪಾಲು ಮಾಡಿದರು. ಅರ್ಧ ಗಂಟೆ ಅಥವಾ ಅದಕ್ಕಿಂತ ಕಡಿಮೆಯವು ಒಂದು ಕಡೆ, ಒಂದು ಗಂಟೆ ಮತ್ತು ಅದಕ್ಕಿಂತ ಹೆಚ್ಚಿನವು ಇನ್ನೊಂದು ಕಡೆ. 1959ರ ಹೊತ್ತಿಗೆ ಕುದುರೆ, ಪಿಸ್ತೂಲು, ಕೌಬಾಯ್ ಟೋಪಿಯ ಕಥೆಗಳು ಟಿವಿಯ ತುಂಬ ತುಂಬಿಕೊಂಡಿದ್ದವು. ಸರಿ, ಅವಕ್ಕೇ ಅಂತ ಒಂದು ಪ್ರಶಸ್ತಿ ಮಾಡಿದರು: ಅತ್ಯುತ್ತಮ ವೆಸ್ಟರ್ನ್ ಸರಣಿ. ‘ಮ್ಯಾವರಿಕ್’ ಗೆದ್ದಿತು. ಮಾರುಕಟ್ಟೆಯಲ್ಲಿ ಏನು ಓಡುತ್ತೋ ಅದಕ್ಕೊಂದು ವಿಭಾಗ! ಅತ್ಯುತ್ತಮ ಅತ್ತೆ, ಅತ್ಯುತ್ತಮ ಸೊಸೆ ಅಂತ ನಮ್ಮ ಮನರಂಜನಾ ಚಾನೆಲ್‌ಗಳು ಕೊಟ್ಟಾಗ ನಗುವವರು ಇದನ್ನ ನೆನಪಿಟ್ಟುಕೊಳ್ಳಿ.

ಅರ್ಧ ಗಂಟೆ ಅಂದ್ರೆ ನಗು ಅನ್ನೋ ಲೆಕ್ಕ ಎಲ್ಲಿಂದ ಬಂತು? ಕಲೆಯಿಂದ ಬಂದದ್ದಲ್ಲ. ರೇಡಿಯೊ ಕಾಲದಿಂದಲೂ ಸಮಯವನ್ನ ಅರ್ಧ ಗಂಟೆ, ಗಂಟೆಯ ತುಂಡುಗಳಾಗಿ ಕತ್ತರಿಸಿ ಜಾಹೀರಾತುದಾರರಿಗೆ ಮಾರುತ್ತಿದ್ದರು. ಟಿವಿಗೂ ಅದೇ ಕತ್ತರಿ ಬಂತು. ‘ಐ ಲವ್ ಲೂಸಿ’ಯಂಥ ಹಾಸ್ಯ ಅರ್ಧ ಗಂಟೆಯ ಡಬ್ಬಿಯಲ್ಲಿ ಚೆನ್ನಾಗಿ ಕೂತಿತು. ಮುಂದೆ ಜನಕ್ಕೂ ಅದೇ ಅಭ್ಯಾಸ ಆಯ್ತು.

ಈ ಡಬ್ಬಿಗಳ ಸಹವಾಸವೇ ಬೇಡ ಅಂತ ಅಕಾಡೆಮಿ ಒಂದು ಸಲ ತಿರುಗಿ ನಿಂತದ್ದೂ ಇದೆ. 1965ರಲ್ಲಿ ಕಾಮಿಡಿ, ಡ್ರಾಮಾ, ನಟ, ನಟಿ ಅನ್ನೋ ಗೋಡೆಗಳನ್ನೆಲ್ಲ ಒಡೆದು ಹಾಕಿದರು. ಮನರಂಜನೆಯಲ್ಲಿ ಶ್ರೇಷ್ಠ ಕಾರ್ಯಕ್ರಮ, ಶ್ರೇಷ್ಠ ವೈಯಕ್ತಿಕ ಸಾಧನೆ, ಹೀಗೆ ಎರಡು ದೊಡ್ಡ ತಲೆಬರಹ ಇಟ್ಟು, ಯೋಗ್ಯರು ಎಷ್ಟು ಜನ ಇದ್ರೆ ಅಷ್ಟು ಜನಕ್ಕೆ ಕೊಡೋಣ ಅಂದರು. ಕೇಳೋದಕ್ಕೆ ಎಷ್ಟು ಚೆಂದ! ಪರಿಣಾಮ ನೋಡಿ. ಮನೆಮಂದಿ ಕೂತು ನಗೋ ‘ದಿ ಡಿಕ್ ವ್ಯಾನ್ ಡೈಕ್ ಶೋ’ ಗೆದ್ದವರ ಪಟ್ಟಿಯಲ್ಲಿ. ಅದೇ ಪಟ್ಟಿಯಲ್ಲಿ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್‌ನವರು ಮಕ್ಕಳಿಗೆ ಶಾಸ್ತ್ರೀಯ ಸಂಗೀತದ ಸೊನಾಟಾ ಅಂದ್ರೇನು ಅಂತ ವಿವರಿಸಿದ ಕಾರ್ಯಕ್ರಮ. ಗಾಯಕಿ ಬಾರ್ಬ್ರಾ ಸ್ಟ್ರೈಸ್ಯಾಂಡ್, ಸಂಗೀತ ನಿರ್ದೇಶಕ ಲಿಯೊನಾರ್ಡ್ ಬರ್ನ್‌ಸ್ಟೈನ್, ಹಾಸ್ಯನಟ ಡಿಕ್ ವ್ಯಾನ್ ಡೈಕ್ ಮೂವರಿಗೂ ಒಂದೇ ಪ್ರಶಸ್ತಿ. ಮರುವರ್ಷವೇ ಗೋಡೆಗಳು ಮತ್ತೆ ಎದ್ದವು. ಡಿಕ್ ವ್ಯಾನ್ ಡೈಕ್ ಶೋಗೆ ಕಾಮಿಡಿ, ‘ದಿ ಫ್ಯುಜಿಟಿವ್’ಗೆ ಡ್ರಾಮಾ. ಎಲ್ಲರೂ ನಿಟ್ಟುಸಿರು ಬಿಟ್ಟಿರಬೇಕು.

1974ರಲ್ಲಿ ಇದರ ಉಲ್ಟಾ ಪ್ರಯೋಗ. ಕಾಮಿಡಿ ಗೆದ್ದವರನ್ನೂ ಡ್ರಾಮಾ ಗೆದ್ದವರನ್ನೂ ಮತ್ತೆ ಎದುರುಬದುರು ನಿಲ್ಲಿಸಿ ‘ಸೂಪರ್ ಎಮ್ಮಿ’ ಕೊಟ್ಟರು. ‘ಮ್ಯಾಶ್’ನ ಆಲನ್ ಆಲ್ಡಾ, ಮೇರಿ ಟೈಲರ್ ಮೂರ್ ಗೆದ್ದರು. ಇಬ್ಬರೂ ಕಾಮಿಡಿಯವರೇ ಅನ್ನೋದನ್ನ ಗಮನಿಸಿ. ಒಂದೇ ವರ್ಷಕ್ಕೆ ಅದನ್ನೂ ಕೈಬಿಟ್ಟರು.

ಮೇರಿ ಟೈಲರ್ ಮೂರ್ ಹೆಸರು ಬಂತಲ್ಲ, ಅಲ್ಲಿ ಸ್ವಲ್ಪ ನಿಲ್ಲೋಣ. ಯಾಕಂದ್ರೆ ಅದು ನಮ್ಮ ಮನೆಯ ಕಥೆ. ಅವರ ಶೋ ನಡೆಯೋದು ಮಿನಿಯಾಪೊಲಿಸ್‌ನ ಒಂದು ಟಿವಿ ನ್ಯೂಸ್‌ರೂಮಿನಲ್ಲಿ. ಅಲ್ಲಿನ ಬಾಸ್ ಲೂ ಗ್ರಾಂಟ್, ಸಿಡುಕ. ಪಾತ್ರ ಮಾಡಿದವರು ಎಡ್ ಆಸ್ನರ್. ಅದೇ ಶೋದಲ್ಲಿ ಟೆಡ್ ಬ್ಯಾಕ್ಸ್‌ಟರ್ ಅಂತ ಒಬ್ಬ ನ್ಯೂಸ್ ಆ್ಯಂಕರ್ ಇದ್ದಾನೆ. ಗಂಭೀರ ಕಂಠ, ಖಾಲಿ ತಲೆ, ಕನ್ನಡಿಯ ಮೇಲೆ ವಿಪರೀತ ಪ್ರೀತಿ. ಆ ಪಾತ್ರಕ್ಕೆ ಟೆಡ್ ನೈಟ್‌ಗೆ ಎರಡು ಎಮ್ಮಿ ಬಂದವು, ಕಾಮಿಡಿಯಲ್ಲಿ. ಯಾರನ್ನಾದರೂ ನೋಡಿದ ಹಾಗೆ ಆಗುತ್ತಾ ಅಂತ ನನ್ನನ್ನ ಕೇಳಬೇಡಿ.

1977ರಲ್ಲಿ ಆ ಶೋ ಮುಗಿಯಿತು. ಕಥೆಯಲ್ಲಿ ಲೂ ಗ್ರಾಂಟ್‌ನ ಕೆಲಸ ಹೋಯ್ತು, ಲಾಸ್ ಏಂಜಲೀಸ್‌ಗೆ ಬಂದು ಪತ್ರಿಕೆಯೊಂದಕ್ಕೆ ಸೇರಿದ. ಹೊಸ ಸೀರಿಯಲ್ಲಿನ ಹೆಸರೇ ‘ಲೂ ಗ್ರಾಂಟ್’. ಮನುಷ್ಯ ಅದೇ, ಸಿಡುಕು ಅದೇ. ಆದರೆ ಅರ್ಧ ಗಂಟೆ ಹೋಗಿ ಒಂದು ಗಂಟೆ ಆಯ್ತು, ಹಾಸ್ಯ ಹೋಗಿ ಪತ್ರಿಕೋದ್ಯಮದ ನೀತಿ-ಅನೀತಿಯ ಪ್ರಶ್ನೆಗಳು ಬಂದವು. ಕಾಮಿಡಿಯಲ್ಲಿ ಗೆದ್ದಿದ್ದ ಆಸ್ನರ್ ಅದೇ ಪಾತ್ರಕ್ಕೆ ಡ್ರಾಮಾದಲ್ಲೂ ಗೆದ್ದರು. ಅಂಥ ಸಾಧನೆ ಮಾಡಿದ ಎರಡನೆಯವರೇ ಉಜೊ ಅಡೂಬಾ. ವ್ಯತ್ಯಾಸ ಒಂದೇ. ಆಸ್ನರ್ ವಿಷಯದಲ್ಲಿ ಕಥೆ ನಿಜಕ್ಕೂ ಬದಲಾಗಿತ್ತು. ಅಡೂಬಾ ವಿಷಯದಲ್ಲಿ ಬದಲಾಗಿದ್ದು ಬೋರ್ಡು.

ನಡುವಿನ ವರ್ಷಗಳಲ್ಲಿ ಚಾಣಾಕ್ಷತನ ಹೆಚ್ಚಿತು. ‘ಮೂನ್‌ಲೈಟಿಂಗ್’ಗಾಗಿ ಬ್ರೂಸ್ ವಿಲ್ಲಿಸ್ 1987ರಲ್ಲಿ ಎಮ್ಮಿಯಲ್ಲಿ ಡ್ರಾಮಾ ನಟ, ಗೋಲ್ಡನ್ ಗ್ಲೋಬ್‌ನಲ್ಲಿ ಕಾಮಿಡಿ ನಟ! 1999ರಲ್ಲಿ ಒಂದು ಗಂಟೆಯ ‘ಆಲಿ ಮೆಕ್‌ಬೀಲ್’ ಕಾಮಿಡಿ ಎಮ್ಮಿ ಹೊಡೆಯಿತು. ‘ಡೌನ್‌ಟನ್ ಆ್ಯಬಿ’ 2011ರಲ್ಲಿ ಕಿರುಸರಣಿಯಾಗಿ ಗೆದ್ದು, ಮುಂದಿನ ವರ್ಷ ಡ್ರಾಮಾ ಸಾಲಿಗೆ ಬಂದು ನಿಂತಿತು. ಒಮ್ಮೊಮ್ಮೆ ಲೆಕ್ಕ ಕೈಕೊಟ್ಟದ್ದೂ ಉಂಟು. 2014ರಲ್ಲಿ ‘ಟ್ರೂ ಡಿಟೆಕ್ಟಿವ್’ನವರು ಕಿರುಸರಣಿಯ ಸುಲಭದ ದಾರಿ ಬಿಟ್ಟು ಡ್ರಾಮಾಕ್ಕೆ ನುಗ್ಗಿದರು. ಅಲ್ಲಿ ‘ಬ್ರೇಕಿಂಗ್ ಬ್ಯಾಡ್’ ಕಾಯ್ತಾ ಇತ್ತು. ಮ್ಯಾಥ್ಯೂ ಮೆಕಾನಹೇ ಬರಿಗೈಲಿ ಮನೆಗೆ.

ಇದಕ್ಕೆಲ್ಲ ಕಡಿವಾಣ ಹಾಕ್ತೀವಿ ಅಂತ 2015ರಲ್ಲಿ ಅಕಾಡೆಮಿ ಖಡಾಖಂಡಿತ ನಿಯಮ ತಂದಿತು. ಅರ್ಧ ಗಂಟೆಯದ್ದು ಕಾಮಿಡಿ, ಒಂದು ಗಂಟೆಯದ್ದು ಡ್ರಾಮಾ. ಒಪ್ಪಿಗೆ ಇಲ್ಲದವರು 9 ಜನರ ಸಮಿತಿಗೆ ಮೇಲ್ಮನವಿ ಹಾಕಿ, ಮೂರನೇ ಎರಡರಷ್ಟು ಮತ ತನ್ನಿ. ಹಲವರು ಅರ್ಜಿ ಹಿಡಿದು ಓಡಿದರು. ‘ಗ್ಲೀ’, ‘ಜೇನ್ ದಿ ವರ್ಜಿನ್’, ‘ಶೇಮ್‌ಲೆಸ್’ಗೆ ಕಾಮಿಡಿಯಲ್ಲೇ ಇರಿ ಅಂತ ಅಪ್ಪಣೆ ಆಯ್ತು. ‘ಆರೆಂಜ್’ಗೆ ಇಲ್ಲ. ಅಡೂಬಾ ಡ್ರಾಮಾಕ್ಕೆ ಹೋದದ್ದು ಹಾಗೆ.

ಆದರೆ ಅಷ್ಟು ಹೊತ್ತಿಗೆ ಗಡಿಯಾರವೇ ಕೆಟ್ಟಿತ್ತು. ನೆಟ್‌ಫ್ಲಿಕ್ಸ್‌ನಂಥ ಕಡೆ ಸ್ಲಾಟ್ ಎಲ್ಲಿದೆ? ಒಂದು ಎಪಿಸೋಡ್ 28 ನಿಮಿಷ, ಇನ್ನೊಂದು 43 ಇದ್ದರೆ ಕೇಳೋರು ಯಾರು? 2021ರ ಡಿಸೆಂಬರ್‌ನಲ್ಲಿ ಕಾಲಾವಧಿಯ ನಿಯಮ ಬಿದ್ದುಹೋಯ್ತು. ನಿಮ್ಮದು ಕಾಮಿಡಿಯೋ ಡ್ರಾಮಾವೋ ನಿರ್ಮಾಪಕರಾದ ನೀವೇ ಹೇಳಿ, ಬೇಕಾದರೆ ನಾವು ಪರಿಶೀಲಿಸ್ತೀವಿ ಅಂತು ಅಕಾಡೆಮಿ.

ಆಮೇಲೆ ಬಂತು ನೋಡಿ ‘ದಿ ಬೇರ್’. ಶಿಕಾಗೊದ ಒಂದು ಹೋಟೆಲ್ ಅಡುಗೆಮನೆ. ಅಣ್ಣ ಆತ್ಮಹತ್ಯೆ ಮಾಡಿಕೊಂಡಿದ್ದಾನೆ, ತಮ್ಮ ಸಾಲದ ಹೋಟೆಲ್ ನಡೆಸುತ್ತಿದ್ದಾನೆ. ನಾಯಕ ಜೆರೆಮಿ ಆ್ಯಲನ್ ವೈಟ್. 2015ರಲ್ಲಿ ಅರ್ಜಿ ಹಾಕಿ ಕಾಮಿಡಿ ಅನ್ನಿಸಿಕೊಂಡ ಆ ‘ಶೇಮ್‌ಲೆಸ್’ನಲ್ಲಿ ಇದ್ದವರೇ. ‘ದಿ ಬೇರ್’ನ ಎರಡನೇ ಸೀಸನ್ನಿನಲ್ಲಿ ‘ಫಿಶಸ್’ ಅನ್ನೋ ಎಪಿಸೋಡ್ ಇದೆ. ಒಂದು ಗಂಟೆಗೂ ಮೀರಿದ್ದು. ಕ್ರಿಸ್‌ಮಸ್ ಊಟಕ್ಕೆ ತಾಯಿ ಒಬ್ಬಳೇ ಒದ್ದಾಡಿ ಏಳು ಬಗೆಯ ಮೀನಿನ ಅಡುಗೆ ಮಾಡ್ತಾಳೆ. ಕುಡೀತಾಳೆ, ಕೂಗ್ತಾಳೆ, ಅಳ್ತಾಳೆ. ಕೊನೆಗೆ ಕಾರನ್ನ ಮನೆಯ ಗೋಡೆಗೇ ನುಗ್ಗಿಸಿಬಿಡ್ತಾಳೆ. ನೋಡಿದವರಿಗೆ ಗಂಟಲು ಒಣಗುತ್ತೆ. ಆ ತಾಯಿಯ ಪಾತ್ರಕ್ಕೆ ಜೇಮಿ ಲೀ ಕರ್ಟಿಸ್ ಗೆದ್ದದ್ದು ಕಾಮಿಡಿಯ ಅತಿಥಿ ನಟಿ ಪ್ರಶಸ್ತಿ!

ಸುಖ-ದುಃಖ ಬೆರೆಯಬಾರದು ಅಂತ ನಾನು ಹೇಳ್ತಾ ಇಲ್ಲ. ಕೈಲಾಸಂ ನಾಟಕ ನೋಡಿ ಬೆಳೆದ ನಾಡಿಗೆ ಅದನ್ನ ಯಾರೂ ಕಲಿಸಬೇಕಿಲ್ಲ. ನನ್ನ ತಕರಾರು ಬೇರೆ. ನಗಿಸೋದು ಒಂದು ಕಸುಬು. ಜೋಕು ಒಂದು ಸೆಕೆಂಡ್ ತಡವಾದರೆ ಸತ್ತುಹೋಗುತ್ತೆ. ಅದನ್ನೇ ನಂಬಿ ಬರೆಯೋ ಬರಹಗಾರ ವರ್ಷವಿಡೀ ದುಡಿದು ಬಂದು ನೋಡಿದರೆ, ಅವನ ಸಾಲಿನಲ್ಲಿ ಮುಂದೆ ನಿಂತಿರೋದು ಒಂದು ದುರಂತ ಕಥೆ. ಮತ ಹಾಕುವವರ ಕಣ್ಣಿಗೆ ಅಳು ಯಾವತ್ತೂ ನಗುವಿಗಿಂತ ಭಾರ. ಗಡಿಯಾರ ದಡ್ಡ ಇರಬಹುದು, ಆದರೆ ಅದಕ್ಕೆ ಯಾರ ಮೇಲೂ ಪಕ್ಷಪಾತ ಇರಲಿಲ್ಲ. ಈಗ ಅರ್ಜಿದಾರನೇ ಮೊದಲ ತೀರ್ಪನ್ನೂ ಬರೆದುಕೊಂಡು ಬರ್ತಾನೆ.

2024ರಲ್ಲಿ ‘ದಿ ಬೇರ್’ಗೆ 23 ನಾಮನಿರ್ದೇಶನ ಸಿಕ್ಕವು, ಕಾಮಿಡಿ ಇತಿಹಾಸದಲ್ಲೇ ಅತಿ ಹೆಚ್ಚು. ಸಮಾರಂಭ ನಡೆಸಿಕೊಟ್ಟ ಯೂಜೀನ್ ಲೆವಿ ಮತ್ತು ಡ್ಯಾನ್ ಲೆವಿ, ಅಪ್ಪ-ಮಗ, ಇದು ಕಾಮಿಡಿನಾ ಅಂತ ವೇದಿಕೆಯಲ್ಲೇ ಕಾಲೆಳೆದರು. ಸಭೆ ನಕ್ಕಿತು. ಒಟ್ಟು 11 ಪ್ರಶಸ್ತಿ ‘ದಿ ಬೇರ್’ ಬಾಚಿಕೊಂಡಿತು, ಅದೂ ದಾಖಲೆ. ಆದರೆ ರಾತ್ರಿಯ ಕೊನೆಯಲ್ಲಿ ಅತ್ಯುತ್ತಮ ಕಾಮಿಡಿ ಸರಣಿ ಅಂತ ಲಕೋಟೆ ಒಡೆದಾಗ ಬಂದ ಹೆಸರು ‘ಹ್ಯಾಕ್ಸ್’. ವಯಸ್ಸಾದ ಒಬ್ಬ ಹಾಸ್ಯ ಕಲಾವಿದೆ ಮತ್ತು ಆಕೆಗೆ ಜೋಕು ಬರೆದುಕೊಡೋ ಹುಡುಗಿಯ ಕಥೆ. ಮರುವರ್ಷ, 2025ರಲ್ಲಿ, ಸಿನಿಮಾ ಮಂದಿಯನ್ನ ಗೇಲಿ ಮಾಡೋ ‘ದಿ ಸ್ಟುಡಿಯೊ’ 13 ಎಮ್ಮಿ ಗೆದ್ದು ಹಳೆಯ ದಾಖಲೆ ಮುರಿಯಿತು. ‘ದಿ ಬೇರ್’ ಆ ವರ್ಷವೂ ಕಾಮಿಡಿ ಸಾಲಿನಲ್ಲೇ ನಿಂತಿತ್ತು.