ಕನ್ನಡ ಬಾವುಟದ ಇತಿಹಾಸ ಮತ್ತು ವಿನ್ಯಾಸ

ಕನ್ನಡನಾಡಿನ ಶಾಸನಗಳನ್ನು ಓದುವವರಿಗೆ ಅರಸರ ಬಿರುದಾವಳಿಗಳಲ್ಲಿ ಬರುವ ‘ಲಾಂಛನ’, ‘ಧ್ವಜ’ ಎಂಬ ಮಾತುಗಳು ಚಿರಪರಿಚಿತವಾದುವು. ಬಾದಾಮಿಯ ಚಾಲುಕ್ಯರು ವರಾಹಲಾಂಛನರು. ಅವರ ಶಾಸನಗಳಲ್ಲಿ ಪಾಳಿಧ್ವಜದ ಉಲ್ಲೇಖವೂ ಇದೆ. ಹಾನಗಲ್ಲಿನ ಕದಂಬರಿಗೆ ಸಿಂಹವು ಲಾಂಛನ, ವಾನರವು ಧ್ವಜ. ಇವೆಲ್ಲವೂ ಅರಸುಮನೆತನಗಳ ಚಿಹ್ನೆಗಳು. ಇಂದು ನವೆಂಬರ್ 1ರಂದು ಊರೂರುಗಳಲ್ಲಿ ಹಾರುವ ಹಳದಿ-ಕೆಂಪು ಬಾವುಟವು ಈ ಪರಂಪರೆಗೆ ಸೇರಿದುದಲ್ಲ. ಅದು ಅರಮನೆಯಿಂದ ಬಂದುದೂ ಅಲ್ಲ, ಸರಕಾರದ ಆಜ್ಞೆಯಿಂದ ಹುಟ್ಟಿದುದೂ ಅಲ್ಲ. ಜನರ ಚಳವಳಿಯಿಂದ ಬಂದ ಈ ಬಾವುಟದ ಹುಟ್ಟು, ವಿನ್ಯಾಸಗಳನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

1956ರ ನವೆಂಬರ್ 1ರಂದು ಕನ್ನಡ ಪ್ರದೇಶಗಳು ವಿಶಾಲ ಮೈಸೂರು ರಾಜ್ಯವಾಗಿ ಒಂದುಗೂಡಿದುವು. ಆದರೆ ರಾಜಧಾನಿಯಲ್ಲಿಯೇ ಕನ್ನಡದ ಸ್ಥಾನವೇನು ಎಂಬ ಪ್ರಶ್ನೆ ಇತ್ಯರ್ಥವಾಗಿರಲಿಲ್ಲ. ಬೆಂಗಳೂರಿನ ಅಂಚಿನಲ್ಲಿ 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ದೂರವಾಣಿ ಕಾರ್ಖಾನೆ, 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಸ್ಥಾಪಿತವಾದುವು. ನಾನಾ ಪ್ರಾಂತಗಳ ಜನರು ಉದ್ಯೋಗಾರ್ಥವಾಗಿ ಇಲ್ಲಿಗೆ ಬಂದರು. ಸ್ಥಳೀಯರಿಗೆ ಉದ್ಯೋಗ, ಆಡಳಿತದಲ್ಲಿ ಕನ್ನಡ, ಚಿತ್ರಮಂದಿರಗಳಲ್ಲಿ ಕನ್ನಡ ಚಿತ್ರ ಇವು ಆ ಕಾಲದ ಮುಖ್ಯ ಬೇಡಿಕೆಗಳಾದುವು. ಅ.ನ. ಕೃಷ್ಣರಾಯರು, ಮ. ರಾಮಮೂರ್ತಿಯವರು ಮೊದಲಾದವರು ಈ ಚಳವಳಿಯ ಮುಂದಾಳುಗಳಾಗಿದ್ದರು.

ರಾಮಮೂರ್ತಿಯವರು ವೀರಕೇಸರಿ ಸೀತಾರಾಮಶಾಸ್ತ್ರಿಗಳ ಪುತ್ರರು. ಪತ್ರಕರ್ತರು, ಪತ್ತೇದಾರಿ ಕಾದಂಬರಿಕಾರರು. ಕನ್ನಡ ಪಕ್ಷಕ್ಕಾಗಿ ಅವರು 1960ರ ದಶಕದ ಮಧ್ಯಭಾಗದಲ್ಲಿ ಈ ಬಾವುಟವನ್ನು ರೂಪಿಸಿದರು. ಅದು ಸರ್ವಮಾನ್ಯವಾದುದನ್ನು ನೋಡುವ ಭಾಗ್ಯ ಅವರಿಗೆ ಲಭಿಸಲಿಲ್ಲ. 1967ರಲ್ಲಿ ಬಾವಿಯೊಂದನ್ನು ತೋಡಿಸುತ್ತಿದ್ದಾಗ ಮಣ್ಣು ಕುಸಿದು ಇಬ್ಬರು ಪುತ್ರರೊಡನೆ ಮೃತರಾದರು.

ಬಾವುಟದ ವಿನ್ಯಾಸ ಅತ್ಯಂತ ಸರಳವಾದುದು: ಮೇಲಿನ ಅರ್ಧ ಹಳದಿ, ಕೆಳಗಿನ ಅರ್ಧ ಕೆಂಪು. ಇವು ಅರಿಶಿನ-ಕುಂಕುಮಗಳ ಬಣ್ಣಗಳು, ಅರ್ಥಾತ್ ಮಂಗಳದ ಕುರುಹುಗಳು. ಹಳದಿಯನ್ನು ಶಾಂತಿಗೂ ಕೆಂಪನ್ನು ಶೌರ್ಯಕ್ಕೂ ಸಂಕೇತವೆಂದು ವಿವರಿಸುವುದೂ ರೂಢಿಯಲ್ಲಿದೆ. ಅದರಲ್ಲಿ ಯಾವ ರಾಜವಂಶದ ಗುರುತೂ ಇಲ್ಲವೆಂಬುದು ವಿಶೇಷವಾಗಿ ಗಮನಾರ್ಹ. ಹಳೆಯ ಮೈಸೂರು, ಮುಂಬಯಿ ಕರ್ನಾಟಕ, ಹೈದರಾಬಾದ್ ಕರ್ನಾಟಕ, ಕೊಡಗು, ಕರಾವಳಿ ಇವುಗಳ ಇತಿಹಾಸ ಬೇರೆಬೇರೆ. ಯಾವುದಾದರೊಂದು ಮನೆತನದ ಲಾಂಛನವನ್ನು ಬಾವುಟದಲ್ಲಿಟ್ಟಿದ್ದರೆ ಮಿಕ್ಕ ಪ್ರಾಂತಗಳವರು ಅದನ್ನು ತಮ್ಮದೆಂದು ಭಾವಿಸುವುದು ಕಷ್ಟವಾಗುತ್ತಿತ್ತು. ಅರಿಶಿನ-ಕುಂಕುಮಗಳಾದರೋ ಎಲ್ಲ ಸೀಮೆಗಳಲ್ಲಿಯೂ ಪರಿಚಿತವಾದುವು. ಎರಡು ತುಂಡು ಬಟ್ಟೆಗಳನ್ನು ಯಾರು ಬೇಕಾದರೂ ಹೊಲಿಯಬಹುದಾದ ಸೌಲಭ್ಯವೂ ಸಣ್ಣದಲ್ಲ.

1973ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಿತು. 1982ರಲ್ಲಿ ಗೋಕಾಕ್ ವರದಿಯ ಪರವಾಗಿ ನಡೆದ ಚಳವಳಿ ಕನ್ನಡದ ಪ್ರಶ್ನೆಯನ್ನು ಎಲ್ಲ ಜಿಲ್ಲೆಗಳಿಗೂ ಮುಟ್ಟಿಸಿತು. 1983ರಲ್ಲಿ ನೇಮಕಗೊಂಡ ಸರೋಜಿನಿ ಮಹಿಷಿ ಸಮಿತಿಯು ಉದ್ಯೋಗದ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು. ಪಕ್ಷವೊಂದರ ಬಾವುಟವಾಗಿ ಆರಂಭವಾದುದು ಕ್ರಮೇಣ ನಾಡಿನ ಬಾವುಟವಾಯಿತು. ಪೀಣ್ಯದ ಕಾರ್ಖಾನೆಗಳ ಬಾಗಿಲಲ್ಲಿ, ವೈಟ್‌ಫೀಲ್ಡಿನ ಆಟೋ ನಿಲ್ದಾಣಗಳಲ್ಲಿ, ಎಲೆಕ್ಟ್ರಾನಿಕ್ ಸಿಟಿಯ ಸುತ್ತಲಿನ ಹಳ್ಳಿಗಳಲ್ಲಿ ರಾಜ್ಯೋತ್ಸವದ ದಿನ ಅದನ್ನು ಏರಿಸುವವರು ಕಾರ್ಮಿಕರು, ಚಾಲಕರು, ಅಂಗಡಿಯವರು. ಪರಭಾಷಿಕರು ನೆರೆದಿರುವ ಈ ಸ್ಥಳಗಳಲ್ಲಿ ಅದು ಹಬ್ಬದ ಅಲಂಕಾರವಾಗಿರುವಂತೆಯೇ ನೆಲದ ಭಾಷೆಯ ಹಕ್ಕನ್ನು ನೆನಪಿಸುವ ಗುರುತೂ ಆಗಿದೆ.

ಸರಕಾರದ ಪ್ರವೇಶ ತಡವಾಗಿ ಆಯಿತು. ರಾಜ್ಯೋತ್ಸವದಂದು ಸರಕಾರೀ ಕಚೇರಿಗಳಲ್ಲಿ ಈ ಬಾವುಟವನ್ನು ಏರಿಸಬೇಕೆಂಬ 2012ರ ಆದೇಶವು, ವಿಷಯ ಉಚ್ಚ ನ್ಯಾಯಾಲಯದ ಮುಂದೆ ಬಂದಾಗ, ಅದೇ ವರ್ಷ ಹಿಂತೆಗೆಯಲ್ಪಟ್ಟಿತು. 2017ರಲ್ಲಿ ಒಂಬತ್ತು ಸದಸ್ಯರ ಸಮಿತಿಯೊಂದು ನೇಮಕವಾಯಿತು. 2018ರ ಮಾರ್ಚ್ 8ರಂದು ಅಂದಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಹೊಸ ವಿನ್ಯಾಸವನ್ನು ಅನಾವರಣಗೊಳಿಸಿದರು. ಅದರಲ್ಲಿ ಹಳದಿ-ಕೆಂಪುಗಳ ನಡುವೆ ಬಿಳಿಯ ಪಟ್ಟಿ, ಅದರ ಮಧ್ಯೆ ಗಂಡಭೇರುಂಡವುಳ್ಳ ರಾಜ್ಯಲಾಂಛನ. ಇದಕ್ಕೆ ಕೇಂದ್ರ ಸರಕಾರದ ಅನುಮೋದನೆ ದೊರೆಯಲಿಲ್ಲ. ರಾಜ್ಯಗಳಿಗೆ ಪ್ರತ್ಯೇಕ ಧ್ವಜವಿರಬೇಕೆಂದಾಗಲಿ ಇರಕೂಡದೆಂದಾಗಲಿ ಸಂವಿಧಾನವು ಹೇಳುವುದಿಲ್ಲ. 1952ರಲ್ಲಿ ಸ್ವಂತ ಧ್ವಜವನ್ನು ಅಂಗೀಕರಿಸಿದ್ದ ಜಮ್ಮು-ಕಾಶ್ಮೀರವು ವಿಶೇಷ ಸ್ಥಾನದೊಡನೆ ಅದನ್ನೂ 2019ರಲ್ಲಿ ಕಳೆದುಕೊಂಡಿತು.

ಗಂಡಭೇರುಂಡವು ಮೈಸೂರು ಒಡೆಯರ ಲಾಂಛನವೆಂದು ಪ್ರಸಿದ್ಧವಾದರೂ ಅದರ ಪ್ರಾಚೀನತೆ ಹೆಚ್ಚಿನದು. ಬಳ್ಳಿಗಾವೆಯ ಗಂಡಭೇರುಂಡ ಸ್ತಂಭವು 1047ರದು. ವಿಜಯನಗರದ ಅಚ್ಯುತರಾಯನ ನಾಣ್ಯಗಳಲ್ಲಿಯೂ ಆ ಪಕ್ಷಿಯಿದೆ. ಆದುದರಿಂದ ಅದನ್ನು ಕೇವಲ ಒಂದು ಸಂಸ್ಥಾನದ ಸೊತ್ತೆನ್ನುವುದು ಸರಿಯಲ್ಲ. ಆದರೂ ಲಾಂಛನವು ರಾಜ್ಯಾಧಿಕಾರದ ಮುದ್ರೆ. ಬಾವುಟವಾದರೋ ಅಧಿಕಾರವನ್ನು ಪ್ರಶ್ನಿಸಿದ ಜನರು ಮಾಡಿಕೊಂಡುದು. ಇವೆರಡನ್ನೂ ಒಂದೇ ಬಟ್ಟೆಯ ಮೇಲೆ ಕೂಡಿಸಿದ ಹೊಸ ವಿನ್ಯಾಸಕ್ಕೆ ಕೆಲವು ಕನ್ನಡ ಹೋರಾಟಗಾರರಿಂದಲೇ ಆಕ್ಷೇಪ ಬಂದುದರಲ್ಲಿ ಆಶ್ಚರ್ಯವಿಲ್ಲ.

ಒಟ್ಟಿನಲ್ಲಿ, ಕಾನೂನಿನ ಆಸರೆಯಿಲ್ಲದೆ ಅರ್ಧ ಶತಮಾನಕ್ಕೂ ಮೀರಿ ಬಾಳಿಬಂದಿರುವುದೇ ಈ ಬಾವುಟಕ್ಕಿರುವ ಪ್ರಮಾಣ. ಮುಂದೆಂದಾದರೂ ಅದಕ್ಕೆ ಶಾಸನಬದ್ಧ ಸ್ಥಾನ ದೊರೆತಲ್ಲಿ, ಕಾರ್ಖಾನೆಯ ಬಾಗಿಲಲ್ಲಿ ಅದನ್ನು ಏರಿಸುವವನು ಅದನ್ನು ತನ್ನದೆಂದು ಗುರುತಿಸುವಂತಿರಬೇಕೆಂಬುದನ್ನು ವಿನ್ಯಾಸಕಾರರು ಮರೆಯಬಾರದು.