ಅರ್ಧ ಬರೆದ ಪ್ರೋಗ್ರಾಮಿನ ಪರೀಕ್ಷೆ: ಭಾಷಾ ಮಾದರಿಗಳಿಗೆ ವ್ಯಾಕರಣದ ಕಟ್ಟು ಬಂದ ಬಗೆ

ಭಾಷಾ ಮಾದರಿಗಳು ಪ್ರೋಗ್ರಾಮನ್ನು ಒಂದೊಂದೇ ಟೋಕನ್, ಅಂದರೆ ಪಠ್ಯದ ತುಣುಕು, ಸೇರಿಸುತ್ತ ಬರೆಯುತ್ತವೆ. ಕಂಪೈಲರ್‌ಗೆ ಬೇಕಾದದ್ದು ಪೂರ್ತಿ ಮುಗಿದ ಪ್ರೋಗ್ರಾಮು. ಒಂದು ಟೋಕನ್ ಹಾಕಿದ ಮೇಲೆ ಏನು ಮಾಡಿದರೂ ಸರಿಯಾದ ಪ್ರೋಗ್ರಾಮು ಆಗಲಾರದು ಎಂದಾದರೆ, ಅದರ ಸಂಭವನೀಯತೆಯನ್ನು ಆ ಹೆಜ್ಜೆಯಲ್ಲೇ ಸೊನ್ನೆ ಮಾಡಿ ಉಳಿದವುಗಳಿಂದ ಆರಿಸುವ ವಿಧಾನವನ್ನು ‘ಕನ್‌ಸ್ಟ್ರೇನ್ಡ್ ಡಿಕೋಡಿಂಗ್’ ಎನ್ನುತ್ತಾರೆ. ಇದರ ಚರಿತ್ರೆಯನ್ನು 2021ರ ಆಸುಪಾಸಿನಿಂದ ಹೇಳುವುದು ರೂಢಿ. ಆದರೆ ಇದರ ಬುಡದಲ್ಲಿರುವ ಪ್ರಶ್ನೆ, ಅಂದರೆ ಅರ್ಧ ಬರೆದ ಪ್ರೋಗ್ರಾಮಿನ ಬಗ್ಗೆ ಏನನ್ನು ಖಚಿತವಾಗಿ ಹೇಳಬಹುದು ಎಂಬುದು, ಐದು ದಶಕಗಳಿಗಿಂತ ಹಿಂದೆಯೇ ಗಂಭೀರವಾಗಿ ಚರ್ಚೆಯಾಗಿತ್ತು. ಆ ಹಳೆಯ ಕೆಲಸವನ್ನು ಬಿಟ್ಟರೆ ಇಂದಿನ ಸಾಧನೆಯೂ ಅರ್ಥವಾಗದು, ಅದರ ಮಿತಿಯೂ ಅರ್ಥವಾಗದು.

ಅಲ್ಗಾಲ್ 60 ಭಾಷೆಯ ವರದಿಯಲ್ಲಿ ಬ್ಯಾಕಸ್ ಮತ್ತು ನೌರ್ ಅವರ ಹೆಸರು ಹೊತ್ತ ಸೂತ್ರಪದ್ಧತಿ ಬಳಕೆಗೆ ಬಂದಾಗ, ಪ್ರೋಗ್ರಾಮಿಂಗ್ ಭಾಷೆಯೊಂದರ ವ್ಯಾಕರಣವನ್ನು ಕೆಲವೇ ಪುಟಗಳಲ್ಲಿ ಬರೆದಿಡುವುದು ಸಾಧ್ಯವಾಯಿತು. 1965ರಲ್ಲಿ ಡೊನಾಲ್ಡ್ ಕ್ನೂತ್, ಪ್ರೋಗ್ರಾಮನ್ನು ಎಡದಿಂದ ಓದುತ್ತ ವ್ಯಾಕರಣಕ್ಕೆ ಹೊಂದಿಸಿ ನೋಡುವ ಎಲ್‌ಆರ್ ಪಾರ್ಸಿಂಗ್ ಕುರಿತ ಪ್ರಬಂಧ ಪ್ರಕಟಿಸಿದರು. ಈ ಬಗೆಯ ಪಾರ್ಸರ್‌ಗೆ ಒಂದು ಗುಣವಿದೆ: ಈವರೆಗೆ ಓದಿದ ಭಾಗವನ್ನು ಸರಿಯಾದ ಪ್ರೋಗ್ರಾಮಾಗಿ ಬೆಳೆಸುವ ದಾರಿ ಮುಚ್ಚಿಹೋದರೆ, ಮುಚ್ಚಿದ ಆ ಚಿಹ್ನೆಯಲ್ಲೇ ಅದು ನಿಲ್ಲುತ್ತದೆ. ಆ ಕಾಲಕ್ಕೆ ಇದರ ಉಪಯೋಗ ಇದ್ದದ್ದು ತಪ್ಪು ಎಲ್ಲಿದೆ ಎಂದು ಪ್ರೋಗ್ರಾಮರ್‌ಗೆ ತೋರಿಸುವುದರಲ್ಲಿ. ಇಂದು ಮಾದರಿಯ ಕೈಹಿಡಿದು ನಡೆಸುವುದೂ ಇದೇ ಗುಣ.

ಮಾದರಿಗಳಿಗೂ ಮೊದಲು ಮನುಷ್ಯರ ಕೈಯನ್ನೇ ಕಟ್ಟಿ ನೋಡಿದ ಕಾಲವೊಂದಿತ್ತು. ವಿಲ್ಫ್ರೆಡ್ ಹ್ಯಾನ್ಸನ್ 1971ರಲ್ಲಿ ‘ಎಮಿಲಿ’ ಎಂಬ ಅಂಥ ಸಂಪಾದಕ ತಂತ್ರಾಂಶವನ್ನು ವಿವರಿಸಿದರು. ಅದಕ್ಕಿಂತ ಹೆಸರಾದದ್ದು ಕಾರ್ನೆಲ್ ವಿಶ್ವವಿದ್ಯಾಲಯದ ಟಿಮ್ ಟೈಟೆಲ್‌ಬಾಮ್ ಮತ್ತು ಥಾಮಸ್ ರೆಪ್ಸ್ 1981ರಲ್ಲಿ ವಿವರಿಸಿದ ‘ಕಾರ್ನೆಲ್ ಪ್ರೋಗ್ರಾಮ್ ಸಿಂಥಸೈಜರ್’. ಅದರಲ್ಲಿ ವಿದ್ಯಾರ್ಥಿ ‘ಇಫ್’ ಎಂಬ ಪದವನ್ನು ಅಕ್ಷರ ಅಕ್ಷರವಾಗಿ ಒತ್ತುವಂತಿರಲಿಲ್ಲ. ಆಜ್ಞೆ ಕೊಟ್ಟರೆ ಇಡೀ ಅಚ್ಚು ಪರದೆಗೆ ಬರುತ್ತಿತ್ತು, ಷರತ್ತಿಗೊಂದು ಖಾಲಿ ಜಾಗ, ಹೇಳಿಕೆಗೊಂದು ಖಾಲಿ ಜಾಗ ಸಮೇತ. ವಾಕ್ಯರಚನೆಯ ತಪ್ಪು ಹುಟ್ಟಲು ಆಸ್ಪದವೇ ಕಡಿಮೆ. ಹೊಸಬರಿಗೆ ಇದು ಹಿತವಾಗಿತ್ತು, ಪಳಗಿದವರಿಗೆ ಕಿರಿಕಿರಿ. ಕಾರಣ ಸರಳ: ಒಂದು ಸರಿಯಾದ ಪ್ರೋಗ್ರಾಮನ್ನು ತಿದ್ದಿ ಇನ್ನೊಂದು ಮಾಡುವಾಗ ಮನುಷ್ಯ ನಡುವೆ ಹರಕುಮುರುಕು ಸ್ಥಿತಿಗಳನ್ನು ಹಾದುಹೋಗಲೇಬೇಕು. ಭಾಷಾ ಮಾದರಿ ಹಿಂದಿರುಗಿ ತಿದ್ದುವುದಿಲ್ಲ, ಬರೆದದ್ದು ಬರೆದಂತೆಯೇ. ಮನುಷ್ಯನಿಗೆ ಒಗ್ಗದ ಕಟ್ಟು ಯಂತ್ರಕ್ಕೆ ಒಗ್ಗಿದ್ದು ಇದರಿಂದಲೇ ಎಂದು ನನಗೆ ತೋರುತ್ತದೆ.

ಯಂತ್ರವೇ ಪ್ರೋಗ್ರಾಮು ಬರೆಯುವ ಕಾಲ ಬಂದಾಗ, 2017ರಲ್ಲಿ ಪೆಂಗ್‌ಚೆಂಗ್ ಯಿನ್ ಮತ್ತು ಗ್ರಹಾಮ್ ನ್ಯೂಬಿಗ್, ಅದೇ ವರ್ಷ ಬರ್ಕ್ಲಿಯ ಇನ್ನೊಂದು ತಂಡ, ಪ್ರೋಗ್ರಾಮನ್ನು ಪಠ್ಯವಾಗಿ ಅಲ್ಲ, ವ್ಯಾಕರಣದ ಸೂತ್ರಗಳಿಂದ ಬೆಳೆಯುವ ಮರವಾಗಿ ಬರೆಯುವ ನರಜಾಲಗಳನ್ನು ಕಟ್ಟಿದರು. ಕಾರ್ನೆಲ್‌ನ ಅಚ್ಚುಗಳಿಗೂ ಇವಕ್ಕೂ ಹತ್ತಿರದ ನಂಟು. ಆದರೆ ಬೃಹತ್ ಮಾದರಿಗಳು ಬಂದ ಮೇಲೆ ಈ ದಾರಿ ಹಿಂದೆ ಸರಿಯಿತು. ಆ ಮಾದರಿಗಳು ಕಲಿತದ್ದು ಬರೀ ಪಠ್ಯದಿಂದ.

ಹಾಗಾಗಿ ಕಟ್ಟನ್ನು ಹೊರಗಿನಿಂದ ಹಾಕಬೇಕಾಯಿತು. 2021ರ ‘ಪಿಕಾರ್ಡ್’ ಎಂಬ ವಿಧಾನ ಈ ತಿರುವಿನ ಗುರುತು. ಟಿ5 ಮಾದರಿ ಎಸ್‌ಕ್ಯೂಎಲ್ ಬರೆಯುವಾಗ ಪ್ರತಿ ಹೆಜ್ಜೆಯಲ್ಲೂ ಪಾರ್ಸರ್ ಜೊತೆಗಿದ್ದು, ವಾಕ್ಯರಚನೆಯನ್ನಷ್ಟೇ ಅಲ್ಲದೆ ಹೆಸರಿಸಿದ ಕಾಲಮ್ ಆ ಟೇಬಲ್‌ನಲ್ಲಿ ಇದೆಯೇ ಎಂಬುದನ್ನೂ ನೋಡುತ್ತಿತ್ತು. ಇಲ್ಲಿ ಎದುರಾದ ತೊಡಕು ಕ್ನೂತ್ ಕಾಲದಲ್ಲಿ ಇರಲಿಲ್ಲ: ಮಾದರಿಯ ಟೋಕನ್‌ಗೂ ಪ್ರೋಗ್ರಾಮಿಂಗ್ ಭಾಷೆಯ ಪದಕ್ಕೂ ತಾಳೆಯಿಲ್ಲ. ಉದ್ಧರಣ ಚಿಹ್ನೆ, ಮುಚ್ಚುವ ಕಂಸ, ವಿವರಣ ಚಿಹ್ನೆ ಮೂರೂ ಸೇರಿ ಒಂದೇ ಟೋಕನ್ ಆಗಿರಬಹುದು. ಜಿಪಿಟಿ-2ರ ಶಬ್ದಕೋಶದಲ್ಲೇ 50,257 ಟೋಕನ್‌ಗಳು. ಪ್ರತಿ ಹೆಜ್ಜೆಗೂ ಅಷ್ಟನ್ನೂ ಪರೀಕ್ಷಿಸುತ್ತ ಕೂತರೆ ಕೆಲಸ ಸಾಗದು. 2023ರಲ್ಲಿ ವಿಲ್ಲಾರ್ಡ್ ಮತ್ತು ಲೂಫ್, ನಿಯಮ ಪರೀಕ್ಷಿಸುವ ಯಂತ್ರದ ಯಾವ ಸ್ಥಿತಿಯಲ್ಲಿ ಯಾವ ಟೋಕನ್‌ಗಳಿಗೆ ಅನುಮತಿ ಎಂದು ಮೊದಲೇ ಪಟ್ಟಿ ಮಾಡಿಟ್ಟುಕೊಳ್ಳುವ ಉಪಾಯ ಹೇಳಿದರು. 2024ರ ‘ಎಕ್ಸ್‌ಗ್ರಾಮರ್’ ಎಂಬ ತಂತ್ರಾಂಶ, ಈವರೆಗಿನ ರಚನೆಯನ್ನು ನೆನಪಿಡುವ ಸ್ಟ್ಯಾಕ್ ನೋಡದೆಯೇ ತೀರ್ಮಾನಿಸಬಲ್ಲ ಟೋಕನ್‌ಗಳನ್ನು ಮುಂಚೆಯೇ ಬೇರ್ಪಡಿಸಿ, ಉಳಿದ ಕೆಲವನ್ನು ಮಾತ್ರ ಓಡುವಾಗ ಪರೀಕ್ಷಿಸಿತು.

ಕನ್ನಡಿಗರಿಗೆ ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಯುಟಿಎಫ್-8ರಲ್ಲಿ ‘ಕ’ ಅಕ್ಷರಕ್ಕೆ 3 ಬೈಟ್ ಬೇಕು, ಟೋಕನ್ ಆ ಮೂರರ ನಡುವೆಯೇ ತುಂಡಾಗಬಹುದು. ಅಕ್ಷರಗಳ ಮಟ್ಟದಲ್ಲಿ ಬರೆದ ನಿಯಮ ಆ ತುಂಡನ್ನು ಗುರುತಿಸಲಾರದೆ ತಳ್ಳಿಬಿಟ್ಟರೆ, ಪ್ರೋಗ್ರಾಮಿನೊಳಗಿನ ಕನ್ನಡ ಸಾಲು ಬರೆಯಲಾಗದೆ ನಿಲ್ಲುತ್ತದೆ. ಎಕ್ಸ್‌ಗ್ರಾಮರ್‌ನಂಥವು ಬೈಟ್ ಮಟ್ಟದಲ್ಲಿ ಕೆಲಸ ಮಾಡುವುದು ನಮ್ಮಂಥ ಲಿಪಿಗಳಿಗೆ ಅಗತ್ಯದ ಮಾತು.

ವ್ಯಾಕರಣ ಸರಿಯಿದ್ದರೂ ಇಲ್ಲದ ಹೆಸರನ್ನು ಕರೆದರೆ ಪ್ರೋಗ್ರಾಮು ಕಂಪೈಲ್ ಆಗದು. ಈ ದಿಕ್ಕಿನ ಒಂದು ಮುಖ್ಯ ಕೆಲಸದ ದೊಡ್ಡ ಪಾಲು ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದ್ದು. ಲಕ್ಷ್ಯ ಅಗ್ರವಾಲ್, ಆದಿತ್ಯ ಕಾನಡೆ, ಶ್ರೀರಾಮ್ ರಾಜಮಣಿ ಮೊದಲಾದವರು 2023ರಲ್ಲಿ ರೂಪಿಸಿದ ವಿಧಾನದಲ್ಲಿ, ಜಾವಾ ಪ್ರೋಗ್ರಾಮಿನಲ್ಲಿ ವಸ್ತುವೊಂದರ ಹೆಸರಿನ ಮುಂದೆ ಚುಕ್ಕೆ ಬಿದ್ದೊಡನೆ ಒಂದು ಕಾವಲು ಎಚ್ಚರಗೊಳ್ಳುತ್ತದೆ. ಇಡೀ ಯೋಜನೆಯ ಕಡತಗಳನ್ನು ಬಲ್ಲ ಲ್ಯಾಂಗ್ವೇಜ್ ಸರ್ವರನ್ನು ಕೇಳಿ, ಆ ವಸ್ತುವಿಗೆ ನಿಜವಾಗಿ ಇರುವ ಹೆಸರುಗಳನ್ನಷ್ಟೇ ಬಿಡುತ್ತದೆ. 110 ಕೋಟಿ ನಿಯತಾಂಕಗಳ ಸಾಂಟಾಕೋಡರ್ ಎಂಬ ಮಾದರಿ, ಈ ನೆರವಿನಿಂದ ತನಗಿಂತ ಎಷ್ಟೋ ಪಾಲು ದೊಡ್ಡದಾದ ಟೆಕ್ಸ್ಟ್-ಡಾವಿಂಚಿ-003ಕ್ಕಿಂತ ಹೆಚ್ಚು ಬಾರಿ ಕಂಪೈಲ್ ಆಗುವ ಪ್ರೋಗ್ರಾಮು ಬರೆಯಿತು. ಗಾತ್ರ ಹೆಚ್ಚಿಸುವುದೊಂದೇ ದಾರಿಯಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ನಾನು ಕಂಡಿಲ್ಲ.

2025ರಲ್ಲಿ ಜ್ಯೂರಿಕ್‌ನ ಇಟಿಎಚ್ ಮತ್ತು ಬರ್ಕ್ಲಿಯ ಸಂಶೋಧಕರು ಟೈಪ್‌ಸ್ಕ್ರಿಪ್ಟ್‌ನ ಟೈಪ್ ನಿಯಮಗಳನ್ನೇ, ಅಂದರೆ ಯಾವ ಮೌಲ್ಯ ಯಾವ ಬಗೆಯದು ಎಂಬ ನಿಯಮಗಳನ್ನೇ, ಕಟ್ಟಾಗಿಸಿ, ಕಂಪೈಲ್ ತಪ್ಪುಗಳನ್ನು ಅರ್ಧಕ್ಕಿಂತ ಹೆಚ್ಚು ಇಳಿಸಿದರು. ಅದಕ್ಕೆ ಅವರು ಉತ್ತರಿಸಬೇಕಾದ ಪ್ರಶ್ನೆ: ಬರೆದು ನಿಲ್ಲಿಸಿದ ಈ ಪದಗುಚ್ಛವನ್ನು ಬೇಕಾದ ಟೈಪ್‌ಗೆ ಮುಟ್ಟಿಸಲು ಸಾಧ್ಯವೇ? ಟೈಪ್ ಹೊಂದಿದ ಸರಳ ಲ್ಯಾಂಬ್ಡಾ ಕಲನವೆಂಬ ಗಣಿತದ ಪುಟ್ಟ ಭಾಷೆಯಲ್ಲೂ ಇಂಥ ಪ್ರಶ್ನೆ ಎಷ್ಟು ಕಠಿಣವೆಂಬುದನ್ನು ರಿಚರ್ಡ್ ಸ್ಟಾಟ್‌ಮನ್ 1979ರಲ್ಲೇ ತೋರಿಸಿದ್ದರು. ಇಲ್ಲಿಯೂ ಹೊಸ ಯಂತ್ರ ಹಳೆಯ ಪ್ರಮೇಯದ ಬಾಗಿಲಿಗೇ ಬಂದು ನಿಂತಿದೆ.

ಇನ್ನೊಂದು ತೊಂದರೆಯನ್ನು ಹಳಬರು ಊಹಿಸಲು ಕಾರಣವಿರಲಿಲ್ಲ. ಜಾವಾದಲ್ಲಿ ಮೊತ್ತ ಕೇಳಲು ಮಾದರಿ ‘ಗೆಟ್‌ಟೋಟಲ್’ ಎಂದು ಬರೆಯಹೊರಟಿದೆ, ಆ ಕ್ಲಾಸಿನಲ್ಲಿರುವುದು ‘ಕಂಪ್ಯೂಟ್‌ಟೋಟಲ್’ ಎಂದಿಟ್ಟುಕೊಳ್ಳಿ. ಎಲ್ಲ ಜಾವಾ ವಸ್ತುಗಳಿಗೂ ‘ಗೆಟ್‌ಕ್ಲಾಸ್’ ಇರುವುದರಿಂದ ‘ಗೆಟ್’ ಎಂಬ ತುಂಡಿಗೆ ಅನುಮತಿ ಸಿಗುತ್ತದೆ. ಮುಂದೆ ‘ಟೋಟಲ್’ಗೆ ತಡೆ. ಮಾದರಿ ತನಗೆ ಬೇಡದ ‘ಗೆಟ್‌ಕ್ಲಾಸ್’ ಬರೆದು ಮುಗಿಸುತ್ತದೆ. ನಿಯಮ ಮುರಿಯಲಿಲ್ಲ, ಉದ್ದೇಶ ಮುರಿಯಿತು. ಹೀಗೆ ಕಟ್ಟು ಮಾದರಿಯ ಸಂಭವನೀಯತೆಗಳನ್ನೇ ತಿರುಚುತ್ತದೆ ಎಂದು 2024ರಲ್ಲಿ ಪಾರ್ಕ್ ಮತ್ತು ಸಂಗಡಿಗರು ತೋರಿಸಿದರು. ಮತ್ತೆ ಮತ್ತೆ ಬರೆಸಿ, ಯಾವ ದಾರಿ ಎಲ್ಲಿ ಮುಚ್ಚುತ್ತದೆ ಎಂಬುದನ್ನು ನೆನಪಿಟ್ಟುಕೊಂಡು ಅಂದಾಜನ್ನು ತಿದ್ದುತ್ತ ಹೋಗುವುದು ಅವರ ಪರಿಹಾರ. ಅದು ನಿಯಮಕ್ಕೆ ಒಪ್ಪುವ ಬರಹಗಳ ನಡುವೆ ಮಾದರಿಗಿದ್ದ ಮೂಲ ಸಂಭವನೀಯತೆಯ ಕಡೆಗೆ ಸಾಗುತ್ತದೆ, ಆದರೆ ನಿಧಾನವಾಗಿ, ಮತ್ತು ಪ್ರತಿ ಹೊಸ ಬರಹಕ್ಕೂ ಮಾದರಿಯನ್ನು ಮತ್ತೊಮ್ಮೆ ಓಡಿಸುವ ಖರ್ಚಿನೊಂದಿಗೆ.